ಮುಂಬಯಿಯಲ್ಲಿ ಗಾಳ ಹಾಕಬಹುದಾ?

ತೀರ್ಥಹಳ್ಳಿಯಿಂದ ಮುಂಬಯಿ ಪಕ್ಕದ ಠಾಣೆಗೆ ಬಂದು ಎರಡು ತಿಂಗಳಾಯಿತು, ಊರಲ್ಲಾದರೆ ಭಾನುವಾರ ಕೆರೆ ಏರಿ ಮೇಲೆ ಗಾಳ ಹಿಡಿದು ಕೂರುತ್ತಿದ್ದೆ, ಇಲ್ಲಿ ರೂಮು ಬಿಟ್ಟರೆ ಮಾಲ್ ಅಂತ ಬರೆದಿದ್ದೀರಿ. ಇಲ್ಲಿ ಎಲ್ಲಾದರೂ ಮೀನು ಹಿಡಿಯಬಹುದಾ ಅಂತ ಕೇಳಿದ್ದೀರಿ. ಹಿಡಿಯಬಹುದು. ಆದರೆ ಊರಿನ ಹಾಗೆ ಸುಮ್ನೆ ಹೋಗಿ ಕೂರುವಂತಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ನಾನು ಹಾಗೇ ಹೋಗಿ ಕೂತಿದ್ದೆ. ಪೊವಾಯಿ ಕೆರೆ ಕಣ್ಣಿಗೆ ಬಿತ್ತು, ಗಾಳ ಬಿಟ್ಟೆ. ಹತ್ತೇ ನಿಮಿಷಕ್ಕೆ ಒಬ್ಬ ಹಿರಿಯರು ಬಂದು, "ಪರ್ಮಿಟ್ ಇದೆಯಾ?" ಅಂತ ಮರಾಠಿಯಲ್ಲಿ ಕೇಳಿದರು. ನನಗೆ ಅರ್ಥವಾದದ್ದು ಎರಡೇ ಮಾತು: ಪರ್ಮಿಟ್ ಮತ್ತು 'ಗಳ'. ನಮ್ಮ ಗಾಳವೇ ಅವರಿಗೆ ಗಳ! ನನ್ನ ಮರಾಠಿ ಪಾಠ ಶುರುವಾಗಿದ್ದು ಅಲ್ಲಿಂದಲೇ. ನಮ್ಮ ಜಿಲೇಬಿ ಮೀನು ಇಲ್ಲಿ ಚಿಲಾಪಿ. ಗಾಳಕ್ಕೆ ಮುದ್ದೆ ಕಟ್ಟಲು ರಾಗಿ ಹಿಟ್ಟು ಬೇಕೆಂದರೆ ಅಂಗಡಿಯಲ್ಲಿ ನಾಚಣಿ ಅಂತ ಕೇಳಿ. ರಾಗಿ ಅಂತ ಕೇಳಿ ನಾನು ಮೂರು ಅಂಗಡಿ ಸುತ್ತಿದ್ದೆ.

ಪೊವಾಯಿಯಲ್ಲಿ ಗಾಳ ಹಾಕುವವರದೇ ಒಂದು ಸಂಘವಿದೆ, ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್. ಮೊದಲು ಅಲ್ಲಿ ವಿಚಾರಿಸಿ. ರೋಹು, ಕಾಟ್ಲಾ, ಮೃಗಾಲ್ ಸಿಗುತ್ತವೆ. ನಿಮಗೆ ಕೈ ಪಳಗಿದ ಮೀನುಗಳೇ ಅಲ್ವಾ? ಕಾಟ್ಲಾ ಎಳೆದರೆ ಊರಿನ ಬಿದಿರು ಕೋಲು ಸಾಲದು, ರೀಲ್ ಇರುವ ರಾಡ್ ಬೇಕು. ನೀರಿಗೆ ಕಾಲು ಮಾತ್ರ ಇಳಿಬಿಡಬೇಡಿ. ಅಲ್ಲಿ ಮೊಸಳೆಗಳಿವೆ, ತಮಾಷೆ ಮಾಡುತ್ತಿಲ್ಲ.

ವಿಹಾರ್, ತುಳಸಿ ಕೆರೆಗಳ ಕಡೆ ಗಾಳ ಹಿಡಿದು ಹೋಗಬೇಡಿ, ಅವು ಮುಂಬಯಿಗೆ ಕುಡಿಯುವ ನೀರು ಕೊಡುವ ಕೆರೆಗಳು. ಪೊವಾಯಿಯನ್ನೂ 1891ರಲ್ಲಿ ಕುಡಿಯುವ ನೀರಿಗೆಂದೇ ಕಟ್ಟಿದ್ದು. ನೀರು ಚೆನ್ನಾಗಿಲ್ಲ ಅಂತ ಆಮೇಲೆ ಕೈಬಿಟ್ಟರು. ಗಾಳದವರ ಪುಣ್ಯ ಅನ್ನಬೇಕು. ಆದರೆ ಈಗ ಸುತ್ತಲಿನ ಕೊಳಚೆ ನೀರೂ ಅದಕ್ಕೆ ಸೇರುತ್ತದೆ. ಹಾಗಾಗಿ ನಾನು ಹಿಡಿದ ಮೀನನ್ನು ವಾಪಸ್ ಬಿಡುತ್ತೇನೆ, ಸಾರಿಗೆ ಮಾರ್ಕೆಟ್ಟಿಂದ ಬಂಗುಡೆ ತರುತ್ತೇನೆ. ಮನೆಯವಳು ಇದಕ್ಕೆ ಇವತ್ತಿಗೂ ನಗುತ್ತಾಳೆ.

ಮರೀನ್ ಡ್ರೈವ್‌ನ ಕಾಂಕ್ರೀಟ್ ಕಲ್ಲುಗಳ ಮೇಲೆ ನಿಂತು ಗಾಳ ಹಾಕುವವರನ್ನೂ ನೋಡುತ್ತೀರಿ. ಪಾಚಿ ಕಟ್ಟಿ ಜಾರುತ್ತವೆ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಚಳಿಗಾಲದಲ್ಲಿ ಬೆಳಗ್ಗೆ ಬೇಗ ಹೋಗಿ ಪ್ರಯೋಜನವಿಲ್ಲ. ನೀರು ತಣ್ಣಗಾದರೆ ಈ ಮೀನುಗಳು ಮಂಕಾಗುತ್ತವೆ, ಬಿಸಿಲೇರಿದ ಮೇಲೆ ಕಚ್ಚುತ್ತವೆ. ಕ್ಯಾಲ್ಗರಿಯಲ್ಲಿರುವ ನನ್ನ ತಮ್ಮನದು ಉಲ್ಟಾ ಕಥೆ. ಅವನು ಹಿಡಿಯುವುದು ಟ್ರೌಟ್, ಅದಕ್ಕೆ ತಣ್ಣೀರೇ ಇಷ್ಟ. ಕೆರೆ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಗೆ ತೂತು ಕೊರೆದು, ಗೇಣುದ್ದದ ರಾಡ್ ಹಿಡಿದು ಸ್ಟೂಲ್ ಮೇಲೆ ಕೂರುತ್ತಾನೆ. ಗಡ್ಡೆ ಕಡಿಮೆಯೆಂದರೂ 4 ಇಂಚು ದಪ್ಪ ಇರಬೇಕಂತೆ, ಇಲ್ಲದಿದ್ದರೆ ಮೀನಿನ ಜೊತೆ ನಾವೂ ಒಳಗೆ. ಅವನು ವಿಡಿಯೋ ಕಾಲ್‌ನಲ್ಲಿ ಆ ತೂತು ತೋರಿಸುತ್ತಾನೆ, ನಾನು ಪೊವಾಯಿಯ ಅಂತರಗಂಗೆ ತೋರಿಸುತ್ತೇನೆ.

ಭಾಷೆ ಬರುವುದಿಲ್ಲ, ಮಾತಾಡಲು ಜನ ಇಲ್ಲ ಅಂತಲೂ ಬರೆದಿದ್ದೀರಲ್ಲ. ಕನ್ನಡ ಕೇಳಬೇಕೆನಿಸಿದರೆ ಮಾಟುಂಗಾಕ್ಕೆ ಹೋಗಿ. 1926ರಿಂದ ಇರುವ ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ, ಕಾಫಿಗೂ ಕೊರತೆಯಿಲ್ಲ. ಆದರೆ ಪ್ರತಿ ವಾರ ಅಲ್ಲಿಗೇ ಓಡಬೇಡಿ. ಮೊದಲ ವರ್ಷ ನಾನು ಹಾಗೆ ಮಾಡಿ ಮರಾಠಿ ಕಲಿಯುವುದು ತಡವಾಯಿತು. ಕೆರೆ ದಂಡೆಯಲ್ಲಿ ಮೀನು ಕಚ್ಚಿ ಪಕ್ಕದವನ ಗಾಳದ ಬೆಂಡು ಮುಳುಗಿದರೆ ಬಾಯಿ ತಾನಾಗಿ ತೆರೆಯುತ್ತದೆ, ವ್ಯಾಕರಣ ಯಾರೂ ನೋಡುವುದಿಲ್ಲ.

ಪೊವಾಯಿಗೆ ಹೋಗಲು ಠಾಣೆಯಿಂದ ಸ್ಲೋ ಲೋಕಲ್ ರೈಲು ಹಿಡಿದು ಕಾಂಜೂರ್‌ಮಾರ್ಗ್‌ನಲ್ಲಿ ಇಳಿಯಿರಿ, ಅಲ್ಲಿಂದ ಆಟೋ. ಭಾನುವಾರವಾದ್ದರಿಂದ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವುದು) ಇದೆಯಾ ಅಂತ ಶನಿವಾರ ರಾತ್ರಿಯೇ ನೋಡಿಕೊಳ್ಳಿ.