ಎದೆ ಉರಿಯ ಗುಳಿಗೆ: ಎಷ್ಟು ದಿನ, ಯಾವ ಹೊತ್ತಿಗೆ, ಯಾರಿಗೆ ಬೇಡ?

(ಓದುಗರ ಆರೋಗ್ಯದ ಪ್ರಶ್ನೆಗಳಿಗೆ ಬಾಗಲಕೋಟೆಯ ಹಿರಿಯ ವೈದ್ಯೆ ಉತ್ತರಿಸುವ ಅಂಕಣ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.)

ಪ್ರಶ್ನೆ: ಡಾಕ್ಟರ್ ಅಕ್ಕನವರಿಗೆ ನಮಸ್ಕಾರ. ನಮ್ಮದು ರಬಕವಿ. ನಮ್ಮ ಮನೆಯವರಿಗೆ 52 ವರ್ಷ, ವಿದ್ಯುತ್ ಮಗ್ಗದಲ್ಲಿ ಕೆಲಸ. ಒಂದು ವರ್ಷದಿಂದ ಎದೆ ಉರಿ, ಹುಳಿತೇಗು. ಅಂಗಿಯ ಜೇಬಿನಲ್ಲಿ ಅಸಿಡಿಟಿ ಗುಳಿಗೆಯ ಪಟ್ಟಿ ಸದಾ ಇರುತ್ತದೆ, ದಿನಕ್ಕೆ ಆರೇಳು ಅಗಿಯುತ್ತಾರೆ. ಸೊಂಟನೋವಿಗೆ ಔಷಧಿ ಅಂಗಡಿಯಿಂದ ತಾವೇ ನೋವಿನ ಗುಳಿಗೆ ತಂದು ನುಂಗುತ್ತಾರೆ. ಹೋದ ತಿಂಗಳು ತಲೆಸುತ್ತು ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9 ಇದೆ ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಅದರ ಹಿಂದೆಯೇ ಅಸಿಡಿಟಿ ಗುಳಿಗೆಯನ್ನೂ ತಿನ್ನುತ್ತಾರೆ. ಕೇಳಿದರೆ, ‘ಇದೇನು ಔಷಧವೇ? ಪೆಪ್ಪರ್‌ಮಿಂಟ್ ಇದ್ದ ಹಾಗೆ’ ಎನ್ನುತ್ತಾರೆ. ನಾನು ಅಡುಗೆಗೆ ಖಾರ ಹಾಕುವುದನ್ನೇ ಬಿಟ್ಟಿದ್ದೇನೆ, ರೊಟ್ಟಿ ಬಿಡಿಸಿ ಅನ್ನ ಉಣಿಸುತ್ತಿದ್ದೇನೆ. ಆದರೂ ಉರಿ ನಿಂತಿಲ್ಲ. ಈ ಗುಳಿಗೆಯಿಂದ ಏನಾದರೂ ಅಪಾಯವಿದೆಯೇ?

ಉತ್ತರ: ತಂಗೀ, ನೀವು ಕೇಳಿರುವುದು ಅಸಿಡಿಟಿ ಗುಳಿಗೆಯ ಬಗ್ಗೆ. ಅದಕ್ಕೆ ಉತ್ತರ ಮುಂದೆ ಬರೆದಿದ್ದೇನೆ. ಅದಕ್ಕಿಂತ ಮೊದಲು ಹಿಮೋಗ್ಲೋಬಿನ್ ಮಾತು. ಗಂಡಸರಿಗೆ ಅದು 13ಕ್ಕಿಂತ ಕಡಿಮೆ ಇರಬಾರದು. ಆ ವಯಸ್ಸಿನ ಗಂಡಸಿನಲ್ಲಿ 9ಕ್ಕೆ ಇಳಿದಿದೆಯೆಂದರೆ, ಕಬ್ಬಿಣದ ಗುಳಿಗೆ ಕೊಟ್ಟು ಸುಮ್ಮನಾಗುವಂತಿಲ್ಲ. ಎಲ್ಲಿಂದಲೋ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕು. ಎದೆ ಉರಿಯೂ ಇದೆ, ನೋವಿನ ಗುಳಿಗೆಯನ್ನೂ ನುಂಗುತ್ತಿದ್ದಾರೆ ಎಂದಮೇಲೆ ನನ್ನ ಅನುಮಾನ ನೇರವಾಗಿ ಜಠರದ ಹುಣ್ಣಿನ ಮೇಲೆ ಹೋಗುತ್ತದೆ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಗುಳಿಗೆಗಳು ಸೊಂಟದ ನೋವನ್ನು ತಗ್ಗಿಸುವ ಜೊತೆಗೇ, ಜಠರದ ಒಳಪದರವನ್ನು ಕಾಯುವ ಲೋಳೆಯನ್ನೂ ತೆಳುವಾಗಿಸುತ್ತವೆ. ಬರಿದಾದ ಜಾಗಕ್ಕೆ ಆಮ್ಲ ತಗುಲಿ ಹುಣ್ಣಾಗುತ್ತದೆ. ಹುಣ್ಣಿನಿಂದ ದಿನವೂ ಸ್ವಲ್ಪ ಸ್ವಲ್ಪ ರಕ್ತ ಒಸರಿದರೆ ಹೊರಗೆ ಯಾರಿಗೂ ಕಾಣುವುದಿಲ್ಲ. ಮನುಷ್ಯ ಬಿಳಿಚಿಕೊಳ್ಳುತ್ತಾನೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ, ತಲೆ ಸುತ್ತುತ್ತದೆ. ಉರಿ ಬಂದಾಗಲೆಲ್ಲ ಅಸಿಡಿಟಿ ಗುಳಿಗೆ ಅಗಿದರೆ ಉರಿಯೇನೋ ತಣ್ಣಗಾಗುತ್ತದೆ, ಆದರೆ ನೋವಿನ ಗುಳಿಗೆ ನಿಲ್ಲದೆ ಹುಣ್ಣು ಮಾಯುವುದಿಲ್ಲ. ಹಳ್ಳಿಗಳಿಂದ ನನ್ನ ದವಾಖಾನೆಗೆ ಬರುವ ನೇಕಾರರು, ಕಬ್ಬು ಕಡಿಯುವವರು, ಕಲ್ಲಿನ ಕೆಲಸದವರು ಅನೇಕರ ಚೀಲದಲ್ಲಿ ಈ ಎರಡೂ ಗುಳಿಗೆಗಳು ಒಟ್ಟಿಗೇ ಇರುತ್ತವೆ. ದುಡಿಯುವ ಮೈಗೆ ನೋವು ಇದ್ದೇ ಇರುತ್ತದೆ, ಅದು ನನಗೂ ಗೊತ್ತು. ಆದರೂ ಆ ಎರಡನ್ನು ಜೊತೆಯಲ್ಲಿ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಅವರನ್ನು ಒಂದು ಪ್ರಶ್ನೆ ಕೇಳಿ, ಸಂಕೋಚ ಬೇಡ. ಕಬ್ಬಿಣದ ಗುಳಿಗೆ ಶುರು ಮಾಡುವ ಮೊದಲು ಎಂದಾದರೂ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ನಾತದೊಂದಿಗೆ ಹೋಗಿತ್ತೇ? ಹೋಗಿದ್ದರೆ ಅದು ಒಳಗೆ ಸೋರಿದ ರಕ್ತ. ‘ಮೊದಲು’ ಎಂದು ಒತ್ತಿ ಕೇಳುವುದಕ್ಕೆ ಕಾರಣವಿದೆ. ಕಬ್ಬಿಣದ ಗುಳಿಗೆ ತಿನ್ನುವವರ ಮಲ ಹೇಗೂ ಕಪ್ಪು ಹಸಿರಾಗುತ್ತದೆ. ಅದು ಗಟ್ಟಿಯಾಗಿಯೇ ಇರುತ್ತದೆ, ಅಂಟುವುದಿಲ್ಲ, ಆ ಬಗೆಯ ನಾತವೂ ಇರುವುದಿಲ್ಲ. ಈಗ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ.

ಇನ್ನು ಮಾಡಬೇಕಾದ ಕೆಲಸ. ನೋವಿನ ಗುಳಿಗೆಯನ್ನು ಇಂದೇ ನಿಲ್ಲಿಸಲಿ. (ಹೃದಯಕ್ಕಾಗಿ ವೈದ್ಯರು ಆಸ್ಪಿರಿನ್ ಕೊಟ್ಟಿದ್ದರೆ ಅದನ್ನು ಮಾತ್ರ ತಾವಾಗಿ ನಿಲ್ಲಿಸಬಾರದು, ಕೊಟ್ಟವರನ್ನೇ ಕೇಳಬೇಕು.) ಯಕೃತ್ತಿನ ತೊಂದರೆಯಾಗಲಿ ಕುಡಿತವಾಗಲಿ ಇಲ್ಲದಿದ್ದರೆ ಸೊಂಟನೋವಿಗೆ ಸದ್ಯ ಪ್ಯಾರಾಸಿಟಮಾಲ್ ಸಾಕು. ಈ ವಾರದಲ್ಲೇ ಅವರನ್ನು ತಜ್ಞ ವೈದ್ಯರಿಗೆ ತೋರಿಸಿ ಎಂಡೋಸ್ಕೋಪಿ ಮಾಡಿಸಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಬೆರಳಿಗಿಂತ ಸಣ್ಣ ನಳಿಕೆಯನ್ನು ಬಾಯಿಯ ಮೂಲಕ ಇಳಿಸಿ ಜಠರದ ಒಳಗನ್ನು ನೋಡುತ್ತಾರೆ. ಗಂಟಲಿಗೆ ಮರವು ಬರುವ ಔಷಧ ಸಿಂಪಡಿಸುವುದರಿಂದ ನೋವು ಹೆಚ್ಚಿರುವುದಿಲ್ಲ, ಕೆಲವೇ ನಿಮಿಷದ ಕೆಲಸ. ಇಷ್ಟರಲ್ಲಿ ವಾಂತಿಯಲ್ಲಿ ರಕ್ತವೋ ಕಾಫಿ ಪುಡಿಯಂಥ ಕಪ್ಪು ಚೂರೋ ಕಂಡರೆ, ಅವರು ತಲೆತಿರುಗಿ ಬಿದ್ದರೆ, ತಜ್ಞರ ದಿನಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಪಟ್ಟಿಯ ಹಿಂಬದಿಯನ್ನು ಬೆಳಕಿಗೆ ಹಿಡಿದು ಓದಿ. ಸಾಮಾನ್ಯವಾಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಹೈಡ್ರಾಕ್ಸೈಡ್, ಸಿಮೆಥಿಕೋನ್ ಎಂದಿರುತ್ತದೆ. ಮೊದಲಿನ ಎರಡು ಕ್ಷಾರಗಳು, ಜಠರದ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಕೂಡಿ ಅದರ ತೀಕ್ಷ್ಣತೆಯನ್ನು ಕಳೆಯುತ್ತವೆ. ಮೂರನೆಯದು ಗಾಳಿಯ ಗುಳ್ಳೆಗಳನ್ನು ಒಡೆಯುತ್ತದೆ. ಕೆಲವು ಗುಳಿಗೆಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಇವು ಇದ್ದ ಆಮ್ಲವನ್ನು ತಣಿಸುತ್ತವೆಯೇ ಹೊರತು ಆಮ್ಲ ಹುಟ್ಟುವುದನ್ನು ತಡೆಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ತಿಂದರೆ ಅರ್ಧ ಗಂಟೆಯೊಳಗೆ ಜಠರದಿಂದ ಜಾರಿಹೋಗುತ್ತವೆ. ಊಟವಾಗಿ ಒಂದು ಗಂಟೆಯ ಮೇಲೆ ತಿಂದರೆ ಎರಡು ಮೂರು ಗಂಟೆ ನಿಂತು ಕೆಲಸ ಮಾಡುತ್ತವೆ. ಚೆನ್ನಾಗಿ ನುಣ್ಣಗೆ ಅಗಿದು ಮೇಲೆ ಅರ್ಧ ಲೋಟ ನೀರು ಕುಡಿಯಬೇಕು. ಇಡಿಯಾಗಿ ನುಂಗಿದರೆ ಸರಿಯಾಗಿ ಒಡೆಯದೆ ಅರ್ಧ ವ್ಯರ್ಥ. ದ್ರವ ರೂಪದ್ದು ಬೇಗ ಕೆಲಸ ಮಾಡುತ್ತದೆ, ಆದರೆ ಬಾಟಲಿಯನ್ನು ಅಲುಗಾಡಿಸಿಯೇ ಬಗ್ಗಿಸಬೇಕು.

ಮದುವೆಯೂಟ ಜೋರಾಗಿ ಉರಿ ಬಂದಿತು, ಎರಡು ದಿನ ಗುಳಿಗೆ ತಿಂದರು ಎಂದರೆ ನಾನು ಏನೂ ಹೇಳುವುದಿಲ್ಲ. ಇದು ಒಳ್ಳೆಯ ಔಷಧವೇ. ಆದರೆ ಪಟ್ಟಿಯ ಮೇಲೆ ಬರೆದ ಮಿತಿಯನ್ನು ದಾಟಬಾರದು, ಎರಡು ವಾರಕ್ಕಿಂತ ಹೆಚ್ಚು ದಿನ ವೈದ್ಯರನ್ನು ಕೇಳದೆ ಮುಂದುವರಿಸಬಾರದು. ಮೆಗ್ನೀಸಿಯಂ ಹೆಚ್ಚಾದರೆ ಭೇದಿ, ಅಲ್ಯೂಮಿನಿಯಂ ಅಥವಾ ಕ್ಯಾಲ್ಸಿಯಂ ಹೆಚ್ಚಾದರೆ ಮಲಬದ್ಧತೆ. ತಿಂಗಳುಗಟ್ಟಲೆ ಅಲ್ಯೂಮಿನಿಯಂ ತಿಂದರೆ ಮೂಳೆಗೆ ಬೇಕಾದ ರಂಜಕ ಮೈಗೆ ಹತ್ತುವುದಿಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಂತೂ ಈ ಗುಳಿಗೆಗೆ ಕೈಹಾಕಲೇಬಾರದು, ಹೊರಹೋಗಬೇಕಾದ ಮೆಗ್ನೀಸಿಯಂ, ಅಲ್ಯೂಮಿನಿಯಂ ಎರಡೂ ಒಳಗೇ ಸೇರಿಕೊಳ್ಳುತ್ತವೆ. ನೋವಿನ ಗುಳಿಗೆ ಮೂತ್ರಪಿಂಡಕ್ಕೂ ಕೆಟ್ಟದ್ದು, ಹಾಗಾಗಿ ನಿಮ್ಮವರಿಗೆ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ.

ಕಬ್ಬಿಣದ ಗುಳಿಗೆಯ ಹಿಂದೆಯೇ ಅಸಿಡಿಟಿ ಗುಳಿಗೆ ತಿಂದರೆ ಕಬ್ಬಿಣ ರಕ್ತಕ್ಕೆ ಸೇರುವುದೇ ಕಡಿಮೆ. ದುಡ್ಡು ಕೊಟ್ಟು ತಂದದ್ದು ಹಾಗೆಯೇ ಹೊರಗೆ ಹೋಗುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ. ಕಬ್ಬಿಣವನ್ನು ಲಿಂಬೆ ಹಿಂಡಿದ ನೀರಿನೊಂದಿಗೆ ತೆಗೆದುಕೊಳ್ಳಲಿ. ಚಹಾ, ಹಾಲಿನ ಜೊತೆ ಬೇಡ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಔಷಧಗಳಿಗೂ ಇದೇ ತೊಡಕು ಇದೆ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಜೇಬಿನ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಡಲು ಹೇಳಿ.

ಇನ್ನು ರೊಟ್ಟಿ. ಪಾಪ, ಅವರ ರೊಟ್ಟಿಯನ್ನು ಅವರಿಗೆ ಮರಳಿ ಕೊಡಿ. ಜೋಳದ ರೊಟ್ಟಿಯಿಂದ ಹುಣ್ಣಾಗುವುದಿಲ್ಲ. ಖಾರದಿಂದಲೂ ಆಗುವುದಿಲ್ಲ, ಆದ ಹುಣ್ಣು ಖಾರಕ್ಕೆ ಉರಿಯಬಹುದು ಅಷ್ಟೆ. ಜಠರದ ಹುಣ್ಣಿಗೆ ಮುಖ್ಯ ಕಾರಣಗಳು ಎರಡು. ಒಂದು ನೋವಿನ ಗುಳಿಗೆ, ಇನ್ನೊಂದು ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಸೂಕ್ಷ್ಮಾಣು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ಎಂಡೋಸ್ಕೋಪಿ ಮಾಡುವಾಗ ಇದರ ಪರೀಕ್ಷೆಯನ್ನೂ ಕೇಳಿ. ಇದ್ದರೆ ಸಾಮಾನ್ಯವಾಗಿ ಎರಡು ವಾರದ ಔಷಧದಲ್ಲಿ ಹೋಗುತ್ತದೆ, ಅರ್ಧಕ್ಕೆ ಬಿಡಬಾರದು.

ಪತ್ರದಲ್ಲಿ ನೀವು ಬರೆಯದೇ ಇರುವ ಎರಡು ಸಂಗತಿಗಳನ್ನೂ ಕೇಳಬೇಕು. ರಾತ್ರಿ ಪಾಳಿ ಮುಗಿಸಿ ಬಂದು, ಉಂಡ ಕೂಡಲೇ ಮಲಗುತ್ತಾರೆಯೇ? ಬಾಯಲ್ಲಿ ತಂಬಾಕು ಇರುತ್ತದೆಯೇ? ಅನ್ನನಾಳ ಜಠರಕ್ಕೆ ಕೂಡುವಲ್ಲಿ ಒಂದು ಬಿಗಿ ಸ್ನಾಯು ಇದೆ. ತಂಬಾಕು ಅದನ್ನು ಸಡಿಲಿಸುತ್ತದೆ, ತುಂಬಿದ ಹೊಟ್ಟೆಯಲ್ಲಿ ಅಡ್ಡಾದರೆ ಆಮ್ಲ ಮೇಲಕ್ಕೆ ಹರಿಯುತ್ತದೆ. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಬೇಕು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಅರ್ಧ ಅಡಿ ಎತ್ತರಿಸಿ. ಎರಡು ದಿಂಬು ಇಟ್ಟರೆ ಕುತ್ತಿಗೆ ಮಾತ್ರ ಬಾಗುತ್ತದೆ, ಉಪಯೋಗವಿಲ್ಲ.

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ನಿವೃತ್ತ ಶಿಕ್ಷಕ, ವಯಸ್ಸು 66. ರಕ್ತದೊತ್ತಡ ಮತ್ತು ಥೈರಾಯ್ಡ್ ಗುಳಿಗೆ ನಡೆದಿದೆ. ಗುಳಿಗೆಗಳ ಸಹವಾಸ ಸಾಕೆಂದು, ಹೊಟ್ಟೆ ಉರಿಗೆ ರಾತ್ರಿ ಊಟದ ಮೇಲೆ ನಮ್ಮ ತೋಟದ ಲಿಂಬೆರಸಕ್ಕೆ ಒಂದು ಚಮಚ ಅಡುಗೆ ಸೋಡಾ ಹಾಕಿ ಕುಡಿಯುತ್ತೇನೆ. ಮನೆಯ ಮದ್ದಲ್ಲವೇ, ಕುಡಿಯಬಹುದೇ?

ಉತ್ತರ: ಬೇಡ, ಗುರುಗಳೇ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1.2 ಗ್ರಾಂ ಸೋಡಿಯಂ ಇದೆ. ಇಡೀ ದಿನಕ್ಕೆ 2 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಊಟದಲ್ಲಿ ಉಪ್ಪು ಬಿಟ್ಟು ರಾತ್ರಿ ಲೋಟದಲ್ಲಿ ಅದನ್ನೇ ಕುಡಿದಂತಾಯಿತು. ಲಿಂಬೆ ಹಿಂಡಿದಾಗ ಬುಸ್ಸೆಂದು ನೊರೆ ಬರುತ್ತದಲ್ಲ, ಸೋಡಾದ ಒಂದಷ್ಟು ಶಕ್ತಿ ಅಲ್ಲಿಯೇ ಖರ್ಚಾಗುತ್ತದೆ, ಸೋಡಿಯಂ ಮಾತ್ರ ಪೂರ್ತಿ ಹೊಟ್ಟೆಗೆ ಹೋಗುತ್ತದೆ. ತುಂಬಿದ ಹೊಟ್ಟೆಯಲ್ಲಿ ಗಾಳಿ ತುಂಬುವುದೂ ಒಳ್ಳೆಯದಲ್ಲ. ನೀರಿನಲ್ಲಿ ನೊರೆಯೇಳುವ ಈನೊದಂಥ ಪುಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಥೈರಾಯ್ಡ್ ಗುಳಿಗೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಿ. ಮುಂದೆ ಎಂದಾದರೂ ಅಸಿಡಿಟಿ ಗುಳಿಗೆ ಬೇಕಾದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರವಿಡಿ. ಆಮ್ಲೊಡಿಪಿನ್‌ನಂಥ ಕೆಲವು ರಕ್ತದೊತ್ತಡದ ಗುಳಿಗೆಗಳೂ ಎದೆ ಉರಿ ಹೆಚ್ಚಿಸುವುದುಂಟು. ನಿಮ್ಮದು ಯಾವುದೆಂದು ವೈದ್ಯರನ್ನು ಕೇಳಿ, ನೀವಾಗಿಯೇ ಬಿಡಬೇಡಿ. ದಿನವೂ ಉರಿಯಿದ್ದರೆ ಅವರು ಆಮ್ಲ ಹುಟ್ಟುವುದನ್ನೇ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥದ್ದನ್ನು ಕೆಲವು ವಾರ ಕೊಡಬಹುದು. ಅದನ್ನು ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು, ಉರಿ ಬಂದಾಗ ನುಂಗುವ ಗುಳಿಗೆ ಅದಲ್ಲ. ವರ್ಷಗಟ್ಟಲೆ ಮುಂದುವರಿಸಿದರೆ ಬಿ12 ಕಡಿಮೆಯಾಗಬಹುದು, ಆದ್ದರಿಂದ ಎಂದು ನಿಲ್ಲಿಸಬೇಕೆಂದು ಮೊದಲ ದಿನವೇ ಕೇಳಿಕೊಳ್ಳಿ.

ಪ್ರಶ್ನೆ: ಮೇಡಂ, ನಾವು ಮುಧೋಳದವರು. ಅಪ್ಪನಿಗೆ 58, ಸಕ್ಕರೆ ಕಾಯಿಲೆ ಇದೆ. ಹೊಲದಲ್ಲಿ ಜೋರಾಗಿ ನಡೆದರೆ ಎದೆ ಹಿಡಿದಂತಾಗುತ್ತದೆ. ಕುಳಿತು ಗ್ಯಾಸ್ ಗುಳಿಗೆ ತಿಂದರೆ ಕಡಿಮೆಯಾಗುತ್ತದೆ. ದಿನವೂ ತಿನ್ನಬಹುದೇ?

ಉತ್ತರ: ಈ ಪತ್ರ ಅಚ್ಚಾಗುವವರೆಗೆ ಕಾಯಲಿಲ್ಲ, ಸಂಪಾದಕರ ಮೂಲಕ ಆ ಮನೆಗೆ ಫೋನ್ ಮಾಡಿಸಿದ್ದೇನೆ. ಬೇರೆ ಮನೆಗಳವರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಡೆದರೆ ಬಂದು, ಕುಳಿತರೆ ಹೋಗುವ ಎದೆಬಿಗಿತವನ್ನು ಹೃದಯದ್ದೆಂದೇ ಮೊದಲು ತಿಳಿಯಬೇಕು. ಅದು ಕಡಿಮೆಯಾದದ್ದು ಕುಳಿತದ್ದರಿಂದ, ಕೀರ್ತಿ ಮಾತ್ರ ಗುಳಿಗೆಗೆ ಹೋಯಿತು. ಸಕ್ಕರೆ ಕಾಯಿಲೆಯವರಿಗೆ ಹೃದಯದ ನೋವು ಮಂದವಾಗಿ, ಬರೀ ಹೊಟ್ಟೆ ಉಬ್ಬರದಂತೆಯೂ ಬರಬಹುದು. ಅದೇ ದಿನ ಇಸಿಜಿ ಮಾಡಿಸಬೇಕು. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗಿದ್ದರೂ ಅಲ್ಲಿಗೇ ಬಿಡದೆ ಮುಂದಿನ ಪರೀಕ್ಷೆ ಮಾಡಿಸಬೇಕು. ಬಿಗಿತದ ಜೊತೆ ಬೆವರು, ಉಸಿರುಕಟ್ಟು, ಎಡತೋಳಿಗೋ ದವಡೆಗೋ ಹರಿಯುವ ನೋವು ಇದ್ದರೆ, ಕುಳಿತಾಗಲೂ ನೋವು ನಿಲ್ಲದಿದ್ದರೆ, ಗುಳಿಗೆ ಅಗಿಯುತ್ತಾ ನೋಡೋಣವೆಂದು ಕೂರಬೇಡಿ. 108 ಕರೆಯಿರಿ, ರೋಗಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಬೇಡಿ.

ಪ್ರಶ್ನೆ: ಮಗಳು ಏಳು ತಿಂಗಳ ಬಸುರಿ, ಬಾಣಂತನಕ್ಕೆ ಬೆಳಗಾವಿಗೆ ನಮ್ಮಲ್ಲಿಗೆ ಬಂದಿದ್ದಾಳೆ. ರಾತ್ರಿ ಎದೆ ಉರಿಯಿಂದ ನಿದ್ದೆಯಿಲ್ಲ. ಗುಳಿಗೆ ಕೊಡಬಹುದೇ?

ಉತ್ತರ: ಕೊಡಬಹುದು ತಾಯಿ, ಅವಳನ್ನು ನೋಡುತ್ತಿರುವ ವೈದ್ಯರಿಗೆ ಒಂದು ಮಾತು ಹೇಳಿ. ಬಸಿರಿನ ಹಾರ್ಮೋನು ಅನ್ನನಾಳ ಜಠರಕ್ಕೆ ಕೂಡುವಲ್ಲಿನ ಬಿಗಿ ಸ್ನಾಯುವನ್ನು ಸಡಿಲಿಸುತ್ತದೆ, ಬೆಳೆದ ಗರ್ಭ ಜಠರವನ್ನು ಮೇಲಕ್ಕೆ ಒತ್ತುತ್ತದೆ, ಅದಕ್ಕೇ ಈ ಉರಿ. ಕ್ಯಾಲ್ಸಿಯಂ ಅಥವಾ ಅಲ್ಯೂಮಿನಿಯಂ-ಮೆಗ್ನೀಸಿಯಂ ಇರುವ ಗುಳಿಗೆಯನ್ನು ಊಟದ ನಂತರ ಅಥವಾ ಮಲಗುವ ಮುನ್ನ, ಮಿತಿಯಲ್ಲಿ ಕೊಡಿ. ಸೋಡಾ ಇರುವುದು ಬೇಡ. ಅವಳ ಕಬ್ಬಿಣದ ಗುಳಿಗೆ ಬೇರೆ ಹೊತ್ತಿಗಿರಲಿ. ತವರಿನ ಪ್ರೀತಿಯಲ್ಲಿ ಒಂದೇ ಸಲಕ್ಕೆ ತಟ್ಟೆ ತುಂಬಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಣಿಸಿ, ಎಡಮಗ್ಗುಲಾಗಿ ಮಲಗಿಸಿ. ಉರಿ ಎನ್ನುತ್ತಿದ್ದವಳು ಪಕ್ಕೆಲುಬಿನ ಕೆಳಗೆ ಗಟ್ಟಿ ನೋವು, ತಲೆನೋವು, ಕಣ್ಣು ಮಂಜು, ಮುಖ ಕೈಗಳ ಬಾವು ಎಂದರೆ ಅದು ಅಸಿಡಿಟಿ ಇರಲಿಕ್ಕಿಲ್ಲ, ರಕ್ತದೊತ್ತಡ ಏರಿರಬಹುದು. ರಾತ್ರಿಯಾಗಿದ್ದರೂ ಸರಿ, ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಿಪಿ ನೋಡಿಸಿ, ಮೂತ್ರ ಪರೀಕ್ಷೆ ಮಾಡಿಸಿ.