ಅನುದಾನ ತರಲು ಯಾರನ್ನೂ ಹಿಡಿಯಬೇಡಿ, ಮೊದಲು ನಿಮ್ಮ ಪಂಚಾಯಿತಿಯ ಕ್ರಿಯಾಯೋಜನೆ ಓದಿ

ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತೇನೆ, ಗೆದ್ದರೆ ಕೇಂದ್ರದ ಅನುದಾನ ಹೆಚ್ಚು ತರಲು ಸಂಸದರ ಮೂಲಕ ಹೋಗಬೇಕೋ, ಶಾಸಕರ ಮೂಲಕವೋ, ನೇರವಾಗಿ ದೆಹಲಿಗೇ ಬರೆಯಬೇಕೋ ಎಂದು ಕೇಳಿದ್ದೀರಿ. 2021ರಲ್ಲಿ ಮಹಿಳಾ ಮೀಸಲಾತಿಯಲ್ಲಿ ಅಧ್ಯಕ್ಷೆಯಾದಾಗ ನಾನೂ ಇದನ್ನೇ ಕೇಳಿಕೊಂಡು ಓಡಾಡಿದವಳು. ಮನವಿ ಪತ್ರ ಟೈಪ್ ಮಾಡಿಸಿ, ಹಾರ ಶಾಲು ಹಿಡಿದು ಸಂಸದರ ಕಚೇರಿಗೂ ಹೋಗಿ ಬಂದೆ. ಅಲ್ಲಿದ್ದ ಸಹಾಯಕರು ಪತ್ರ ಓದಿ, "ಅಮ್ಮಾ, ಹದಿನೈದನೇ ಹಣಕಾಸಿನ ದುಡ್ಡು ಕೇಳಿ ತರೋದಲ್ಲ. ಅದು ಲೆಕ್ಕದ ಪ್ರಕಾರ ತಾನಾಗೇ ಬರುತ್ತೆ. ಬಂದದ್ದು ಖರ್ಚಾಗಿದೆಯಾ ನೋಡಿ" ಎಂದರು. ಬಹಳ ಒಳ್ಳೆಯ ಮಾತು ಹೇಳಿದ್ದರು. ನನಗೆ ಆಗ ಅದು ಸಾಗಹಾಕುವ ಮಾತಿನಂತೆ ಕೇಳಿಸಿತು.

ಅವರು ಹೇಳಿದ ಲೆಕ್ಕ ಇದು. ಸಂವಿಧಾನದ 280ನೇ ವಿಧಿಯಂತೆ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ರಚನೆಯಾಗುತ್ತದೆ. 73ನೇ ತಿದ್ದುಪಡಿ ಬಂದಮೇಲೆ ಪಂಚಾಯಿತಿಗಳ ಸಂಪನ್ಮೂಲಕ್ಕೆ ಏನು ಪೂರೈಕೆ ಮಾಡಬೇಕೆಂದು ಹೇಳುವ ಹೊಣೆಯೂ ಅದರ ಮೇಲೆಯೇ ಬಿತ್ತು. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೇ ಆಯೋಗ 2021ರಿಂದ 2026ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಒಟ್ಟು 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ರಾಜ್ಯಗಳಿಗೆ ಪಾಲು ಹಾಕಿದ್ದು ಶೇ. 90 ಜನಸಂಖ್ಯೆ, ಶೇ. 10 ವಿಸ್ತೀರ್ಣ ನೋಡಿ. ಜನಸಂಖ್ಯೆ ಎಂದರೆ 2011ರ ಜನಗಣತಿಯದ್ದು. ಈ ಲೆಕ್ಕದಲ್ಲಿ ಸಂಸದರ ಪತ್ರಕ್ಕೆ ಜಾಗವೇ ಇಲ್ಲ. ಸಂಸದರು ಕೊಡಬಲ್ಲದ್ದು ಅವರ ಪ್ರದೇಶಾಭಿವೃದ್ಧಿ ನಿಧಿಯಿಂದ. ಅದು ವರ್ಷಕ್ಕೆ ಐದು ಕೋಟಿ, ಇಡೀ ಕ್ಷೇತ್ರಕ್ಕೆ. ಕೊಟ್ಟರೂ ಅದರ ಕೆಲಸ ನಡೆಯುವುದು ಜಿಲ್ಲಾಡಳಿತದ ಮೂಲಕ.

"ದೆಹಲಿಯಿಂದ ನೇರವಾಗಿ ಪಂಚಾಯಿತಿಗೆ ಬರುತ್ತೆ" ಎಂದೂ ಬರೆದಿದ್ದೀರಿ. ಅದು ಭಾಷಣದಲ್ಲಿ ಕೇಳಿದ ಮಾತಿರಬೇಕು. ಸ್ಥಳೀಯ ಆಡಳಿತ ರಾಜ್ಯಪಟ್ಟಿಯ ವಿಷಯ. ಪಂಚಾಯತ್ ರಾಜ್ ಸಚಿವಾಲಯವೂ ಜಲಶಕ್ತಿ ಸಚಿವಾಲಯವೂ ಶಿಫಾರಸು ಮಾಡಬೇಕು, ಹಣಕಾಸು ಸಚಿವಾಲಯ ಬಿಡುಗಡೆ ಮಾಡಬೇಕು, ಹಣ ರಾಜ್ಯದ ಖಜಾನೆಗೆ ಬರಬೇಕು. ಬಂದ ಹತ್ತು ಕೆಲಸದ ದಿನಗಳಲ್ಲಿ ರಾಜ್ಯ ಅದನ್ನು ಪಂಚಾಯಿತಿಗಳಿಗೆ ದಾಟಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು.

ಇಷ್ಟು ತಿಳಿದರೆ ಸಾಲದು. ನನಗೆ ಪೆಟ್ಟು ಬಿದ್ದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ನೀವು ಅಲ್ಲಿ ಎಡವಬಾರದೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹದಿನೈದನೇ ಹಣಕಾಸಿನ ಪ್ರತಿ ನೂರು ರೂಪಾಯಿಯಲ್ಲಿ ಅರವತ್ತು ನಿರ್ಬಂಧಿತ, ನಲವತ್ತು ಅನಿರ್ಬಂಧಿತ. ಅರವತ್ತರಲ್ಲಿ ಮೂವತ್ತು ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಇನ್ನು ಮೂವತ್ತು ನೈರ್ಮಲ್ಯಕ್ಕೆ. ಉಳಿದ ನಲವತ್ತು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದು, ಆದರೆ ಸಂಬಳಕ್ಕೂ ಕಚೇರಿಯ ಖರ್ಚಿಗೂ ಮುಟ್ಟುವಂತಿಲ್ಲ. ನೀರುಗಂಟಿಯ ಸಂಬಳ ಬಾಕಿ ಬಿದ್ದಿದ್ದರೂ ಅದರಿಂದ ಕೊಡುವಂತಿಲ್ಲ.

ನಮ್ಮ ಪಂಚಾಯಿತಿಯಲ್ಲಿ 2022-23ರ ಕ್ರಿಯಾಯೋಜನೆ, ಅಂದರೆ ಆ ವರ್ಷದ ಕಾಮಗಾರಿಗಳ ಪಟ್ಟಿ, ಮಾಡಿದ್ದು ಹೀಗೆ. ಬರುವ ಮೊತ್ತ ಇಷ್ಟು, ಸದಸ್ಯರು ಇಷ್ಟು ಜನ, ಭಾಗಿಸಿ. ಒಬ್ಬೊಬ್ಬ ಸದಸ್ಯರಿಗೆ ಇಷ್ಟಿಷ್ಟು. ಅವರವರ ಪಾಲಿಗೆ ಅವರವರು ಕಾಮಗಾರಿ ಬರೆದುಕೊಡುವುದು. ಹೆಚ್ಚಿನವರು ಬರೆದದ್ದು ಸಿಸಿ ರಸ್ತೆ, ಹೈಮಾಸ್ಟ್ ದೀಪ, ಶಾಲೆ ಕಾಂಪೌಂಡು. ಜನ ಕೇಳಿದ್ದೂ ಅದನ್ನೇ. ಆದರೆ ಅವೆಲ್ಲ ನಲವತ್ತರಲ್ಲೇ ಮುಗಿಯಬೇಕು. ಅರವತ್ತರ ಕಡೆ ತುಂಬಲು ಏನೂ ಇರಲಿಲ್ಲ. ಅದನ್ನು ಸರ್ಕಾರದ ಆನ್‌ಲೈನ್ ಪೋರ್ಟಲಿಗೆ ಹಾಕುವ ಕೊನೆಯ ದಿನಗಳು ಹತ್ತಿರ ಬಂದಾಗ ಕಂಪ್ಯೂಟರ್ ಆಪರೇಟರ್ ಹುಡುಗ ನೈರ್ಮಲ್ಯದ ಲೆಕ್ಕಕ್ಕೆ ಒಂದಿಷ್ಟು ಚರಂಡಿ, ನೀರಿನ ಲೆಕ್ಕಕ್ಕೆ ಒಂದಿಷ್ಟು "ಹೊಸ ಪೈಪ್‌ಲೈನ್" ಎಂದು ವಾರ್ಡು ವಾರ್ಡಿಗೆ ಸೇರಿಸಿ ಮೊತ್ತ ಸರಿಹೊಂದಿಸಿದ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರು ಪ್ರಿಂಟ್ ತಂದು ಮುಂದಿಟ್ಟು, "ಮೇಡಂ, ಟ್ಯಾಲಿ ಆಗಿದೆ" ಎಂದರು. ಕೆಳಗಿನ ಒಟ್ಟು ಮೊತ್ತ ನೋಡಿ ಸಹಿ ಹಾಕಿದೆ. ಮೇಲಿನ ಸಾಲುಗಳನ್ನು ಒಂದೊಂದಾಗಿ ಓದಲಿಲ್ಲ.

ಓದದೇ ಇದ್ದದ್ದು ಯಾಕೆ ಅಷ್ಟು ದೊಡ್ಡ ತಪ್ಪಾಯಿತು ಎಂದು ಬಿಡಿಸಿ ಹೇಳುತ್ತೇನೆ. ಇ-ಗ್ರಾಮಸ್ವರಾಜ್ ಎಂಬ ಪೋರ್ಟಲು 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದೇ ಶುರುವಾದದ್ದು. ಯೋಜನೆ, ಪ್ರಗತಿ, ಲೆಕ್ಕ, ಪಾವತಿ ಎಲ್ಲ ಅದರೊಳಗೇ. ಕ್ರಿಯಾಯೋಜನೆಯ ಪ್ರತಿ ಕಾಮಗಾರಿಗೂ ಅಲ್ಲಿ ಒಂದು ಸಂಖ್ಯೆ ಹುಟ್ಟುತ್ತದೆ. ಆ ಸಂಖ್ಯೆಯ ಜೊತೆ ಯಾವ ಊರು, ಯಾವ ಕೆಲಸ, ಯಾವ ಶೀರ್ಷಿಕೆಯ (ಯಾವ ಬಾಬ್ತಿನ) ಹಣ ಎಂಬುದೂ ಅಂಟಿಕೊಂಡಿರುತ್ತದೆ. ಬಿಲ್ ಮಾಡುವಾಗ ವೋಚರು ಆ ಸಂಖ್ಯೆಯ ಮೇಲೆಯೇ ತೆರೆಯಬೇಕು. ಆಮೇಲೆ ಎರಡು ಡಿಜಿಟಲ್ ಸಹಿ ಬಿದ್ದರೆ ದುಡ್ಡು ಪಿಎಫ್‌ಎಂಎಸ್ ಎಂಬ ಕೇಂದ್ರದ ಆನ್‌ಲೈನ್ ಪಾವತಿ ವ್ಯವಸ್ಥೆಯ ಮೂಲಕ ಗುತ್ತಿಗೆದಾರರ ಅಥವಾ ಅಂಗಡಿಯವರ ಖಾತೆಗೆ ಹೋಗುತ್ತದೆ. ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದಿದ್ದರೆ ವೋಚರು ಇಲ್ಲ, ವೋಚರು ಇಲ್ಲದಿದ್ದರೆ ಖಾತೆಯಲ್ಲಿ ಎಷ್ಟು ಲಕ್ಷ ಇದ್ದರೂ ಒಂದು ರೂಪಾಯಿ ಅಲ್ಲಾಡುವುದಿಲ್ಲ. ಚೆಕ್ಕಿನ ಕಾಲದಲ್ಲಿ ಮೊದಲು ಕೊಟ್ಟು ಆಮೇಲೆ ಠರಾವು ಬರೆಯುತ್ತಿದ್ದರು ಎಂದು ಹಳೆಯ ಸದಸ್ಯರು ಹೇಳುತ್ತಿದ್ದರು. ಆ ಕಾಲ ಮುಗಿದಿದೆ, ಮುಗಿದದ್ದು ಒಳ್ಳೆಯದೇ.

ಬೇಸಿಗೆಯಲ್ಲಿ ನಮ್ಮ ಕಾಲೊನಿಯ ಬೋರ್‌ವೆಲ್ಲಿನ ಮೋಟಾರು ಸುಟ್ಟಿತು. ರಿವೈಂಡಿಂಗ್ ಮಾಡಿಸಿ ಇಳಿಸಿದರು, ಮತ್ತೆ ಸುಟ್ಟಿತು. ನೀರೂ ಕೆಳಗೆ ಹೋಗಿತ್ತು. ಹೊಸ ಮೋಟಾರು, ಕೇಬಲ್ಲು, ಇನ್ನೊಂದಿಷ್ಟು ಪೈಪು ಬೇಕಿತ್ತು. ನೀರಿನ ಶೀರ್ಷಿಕೆಯಲ್ಲಿ ಹಣ ಧಾರಾಳವಾಗಿತ್ತು. ಆದರೆ ಆ ಹಣವೆಲ್ಲ ಯಾರೂ ಕೇಳದ ಬೀದಿಗಳ ಹೊಸ ಪೈಪ್‌ಲೈನಿಗೆ ಬರೆದಿಟ್ಟದ್ದು. ಜಲಜೀವನ್ ಮಿಷನ್ನಿನವರು ಅದೇ ಬೀದಿಗಳನ್ನು ಅಗೆದು ನಲ್ಲಿ ಹಾಕುವ ಕೆಲಸ ಆಗಲೇ ಶುರುವಾಗಿತ್ತು. "ದುರಸ್ತಿ ಮತ್ತು ನಿರ್ವಹಣೆ" ಎಂಬ ಒಂದೇ ಒಂದು ಸಾಲು ಇಡೀ ಯೋಜನೆಯಲ್ಲಿ ಇರಲಿಲ್ಲ. ಆ ಒಂದು ಸಾಲು ಬರೆಸಿದ್ದರೆ ಮೋಟಾರಿನ ಬಿಲ್ಲು ಅದರ ಮೇಲೆಯೇ ಆಗಿಬಿಡುತ್ತಿತ್ತು.

ತಾಲ್ಲೂಕಿಗೆ ಓಡಿದೆ. ಪರಿಷ್ಕೃತ ಯೋಜನೆ ಮಾಡಿ ಎಂದರು. ಅಂದರೆ ನೋಟಿಸು, ಗ್ರಾಮ ಸಭೆ, ಠರಾವು, ಇಂಜಿನಿಯರರ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಮತ್ತೆ ಪೋರ್ಟಲು. ಅಷ್ಟು ದಿನ ಜನ ಏನು ಕುಡಿಯಬೇಕು? ಟ್ಯಾಂಕರ್ ತರಿಸಿದೆ, ಬಾಯಿಮಾತಿನ ಮೇಲೆ. ಕೊಟೇಶನ್ ತೆಗೆದುಕೊಳ್ಳಲಿಲ್ಲ, ಎಷ್ಟು ಲೋಡು ಬಂತೆಂದು ದಿನದಿನದ ಪುಸ್ತಕ ಇಡಿಸಲಿಲ್ಲ. ಆಮೇಲೆ ಸ್ವಂತ ನಿಧಿಯಿಂದ ಅದರ ದುಡ್ಡು ಕೊಟ್ಟೆವು. ಸ್ವಂತ ನಿಧಿಯಾದರೂ ಎಷ್ಟಿತ್ತು? ಕೊರೋನಾ ಕಾಲವೆಂದು ಕಂದಾಯ ಕೇಳುವುದನ್ನೇ ಬಿಟ್ಟಿದ್ದೆವು. ಟ್ಯಾಂಕರಿನವರಿಗೆ ಪೂರ್ತಿ ಮುಟ್ಟಿದ್ದು ಮಳೆ ಬಂದು ಹೋದಮೇಲೆ.

ರಾಜ್ಯದ ಲೆಕ್ಕಪರಿಶೋಧಕರು ಬಂದಾಗ ಟ್ಯಾಂಕರ್ ಪಾವತಿಗೆ ಆಕ್ಷೇಪಣೆ ಬಿತ್ತು. ಒಂದು ಭಾಗ ವಸೂಲಾತಿ ಎಂದು ಬರೆದರು, ಪಿಡಿಒ ಮತ್ತು ಅಧ್ಯಕ್ಷರಿಂದ. ನೀರು ನಿಜವಾಗಿ ಬಂದಿತ್ತು, ಜನ ಕುಡಿದಿದ್ದರು, ನನ್ನ ಮನೆಗೆ ಒಂದು ಪೈಸೆಯೂ ಬಂದಿರಲಿಲ್ಲ. ಆದರೆ ತೋರಿಸಲು ಕಾಗದ ಇರಲಿಲ್ಲ. ನನ್ನ ಪಾಲನ್ನು ಕಟ್ಟಿದೆ. ಪರಿಶೋಧಕರ ಮೇಲೆ ನನಗೆ ಸಿಟ್ಟಿಲ್ಲ. ಕಾಗದವಿಲ್ಲದ ಟ್ಯಾಂಕರ್ ಬಿಲ್ಲುಗಳನ್ನು ಒಪ್ಪಿಕೊಂಡು ಹೋದರೆ ಏನಾಗುತ್ತದೆಂದು ಊರಲ್ಲಿ ಬದುಕಿದ ಯಾರಿಗಾದರೂ ಗೊತ್ತು. ಆ ದುಡ್ಡಿಗಿಂತ ನನ್ನನ್ನು ಹೆಚ್ಚು ಸುಟ್ಟದ್ದು ಕಾಲೊನಿಯ ಅಜ್ಜಿಯೊಬ್ಬರು ಕಚೇರಿಗೇ ಬಂದು ಕೇಳಿದ ಮಾತು: "ಏನಮ್ಮಾ, ನಮ್ಮವಳೇ ಕುಂತವ್ಳೆ ಅಂತ ವೋಟು ಹಾಕಿದ್ವಿ. ದುಡ್ಡು ಐತೆ ಅಂತೀಯ, ನೀರು ಇಲ್ಲ ಅಂತೀಯ, ಇದ್ಯಾವ ಸೀಮೆ ಲೆಕ್ಕ?" ಖಾತೆಯಲ್ಲಿ ನೀರಿನದ್ದೇ ದುಡ್ಡು ಇಟ್ಟುಕೊಂಡು ಅವರಿಗೆ ಏನು ಉತ್ತರ ಕೊಡಲಿ?

ಹಾಗಾಗಿ, "ಹೆಚ್ಚು ಅನುದಾನ ತರುವುದು ಹೇಗೆ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬರುವುದು ಬಂದೇ ಬರುತ್ತದೆ, ಬರದ ಹಾಗೆ ಮಾಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಅದಕ್ಕೆ ದಾರಿಗಳು ಬೇಕಷ್ಟಿವೆ. ಹಿಂದಿನ ವರ್ಷದ ಲೆಕ್ಕ, ಅದಕ್ಕೂ ಹಿಂದಿನ ವರ್ಷದ ಪರಿಶೋಧಿತ ಲೆಕ್ಕ, ಎರಡೂ ಆನ್‌ಲೈನಿನಲ್ಲಿ ಎಲ್ಲರಿಗೂ ಕಾಣುವಂತಿರಬೇಕೆಂಬುದು 15ನೇ ಆಯೋಗದ ಷರತ್ತು. ಮೊದಮೊದಲು ಸಡಿಲವಿತ್ತು, 2023-24ರಿಂದ ಬಿಗಿಯಾಯಿತು. ಚುನಾಯಿತ ಮಂಡಳಿ ಇಲ್ಲದಿದ್ದರೂ ಹಣ ನಿಲ್ಲುತ್ತದೆ. ನಮ್ಮ ರಾಜ್ಯದಲ್ಲೇ ನೋಡಿ: ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ವರ್ಷಗಳು ಉರುಳಿದರೂ ಚುನಾವಣೆ ನಡೆಯಲಿಲ್ಲ, ಆ ಎರಡು ಹಂತಗಳಿಗೆ ಬರಬೇಕಿದ್ದ ಕೇಂದ್ರದ ಪಾಲು ಕೈತಪ್ಪಿತು. ಇದರ ಬಗ್ಗೆ ಊರಲ್ಲಿ ಯಾರೂ ಜಗಳ ಮಾಡುವುದಿಲ್ಲ. ಮಾಡಬೇಕಾದ ಜಗಳ ಅದು.

ನೀವು ಗೆದ್ದರೆ ಸದಸ್ಯರಿಗೆ ಸಮನಾಗಿ ಹಂಚುವ ಪದ್ಧತಿಗೆ ಮೊದಲ ಸಭೆಯಲ್ಲೇ ಬೇಡ ಎನ್ನಿ. ನಿಮ್ಮ ಮೇಲೆ ಮುನಿಸು ಬರುತ್ತದೆ, ಬರಲಿ. ವಾರ್ಡ್ ಸಭೆಯಲ್ಲಿ ಮೊದಲು ನೀರಿನ ಮೂಲಗಳ ಪಟ್ಟಿ ಮಾಡಿಸಿ, ನೀರುಗಂಟಿಗಳನ್ನು ಕೂರಿಸಿಕೊಂಡು. ಯಾವ ಬೋರು ಎಂಥ ಸ್ಥಿತಿಯಲ್ಲಿದೆ, ಯಾವ ಮೋಟಾರು ಹಳೆಯದು, ಯಾವ ವಾಲ್ವು ಸೋರುತ್ತದೆ ಎಂದು ಇಂಜಿನಿಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆ ಪಟ್ಟಿಯೇ ನೀರಿನ ಶೀರ್ಷಿಕೆ ಆಗಲಿ, ಅದರಲ್ಲಿ ಪ್ರತಿ ಊರಿನ ಹೆಸರಿನಲ್ಲೂ ದುರಸ್ತಿ-ನಿರ್ವಹಣೆಯ ಸಾಲು ಇರಲಿ. ನಿರ್ಬಂಧಿತ ಹಣವನ್ನು ಜನ ಬೈಯುತ್ತಾರೆ, ದೆಹಲಿಯಲ್ಲಿ ಕೂತವರಿಗೆ ನಮ್ಮ ಊರಿನ ಕಷ್ಟ ಏನು ಗೊತ್ತು ಎಂದು. ನಾನು ಆ ಗುಂಪಿನವಳಲ್ಲ. ಆ ಅರವತ್ತನ್ನೂ ನಮ್ಮ ಕೈಗೇ ಬಿಟ್ಟಿದ್ದರೆ ಅದೂ ಸಿಸಿ ರಸ್ತೆಯೇ ಆಗುತ್ತಿತ್ತು.

ಡಿಜಿಟಲ್ ಸಹಿಯ ಡಾಂಗಲ್ ಯಾರ ಕೈಗೂ ಕೊಡಬೇಡಿ, ಪಿನ್ನನ್ನೂ ಹೇಳಬೇಡಿ. ಅಧ್ಯಕ್ಷೆಯ ಡಾಂಗಲ್ ಗಂಡನ ಜೇಬಿನಲ್ಲಿ, ಇಲ್ಲವೇ ಆಪರೇಟರಿನ ಡ್ರಾಯರಿನಲ್ಲಿ ಇರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಆಕ್ಷೇಪಣೆ ಬಂದಾಗ ಹೆಸರು ಅಧ್ಯಕ್ಷೆಯದ್ದೇ ಇರುತ್ತದೆ.

ಕಂದಾಯ ವಸೂಲಿ ಮಾಡಿಸಿ. ವೋಟು ಹೋಗುತ್ತದೆ ಎಂದು ಹೆದರಿಸುತ್ತಾರೆ. ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಮಳಿಗೆಯ ಬಾಡಿಗೆ, ಸಂತೆ ಹರಾಜು, ಮೊಬೈಲ್ ಟವರು. ಇದಿಷ್ಟೇ ನಿಮ್ಮ ಪಂಚಾಯಿತಿಗೆ ದೆಹಲಿಯ ಶೀರ್ಷಿಕೆ ಇಲ್ಲದೆ ಬರುವ ದುಡ್ಡು. ಮೋಟಾರು ಸುಟ್ಟ ದಿನ ತಕ್ಷಣ ಕೈಗೆ ಸಿಗುವುದು ಇದೇ. ಖರ್ಚಿನ ಕಾಗದ ಇದಕ್ಕೂ ಬೇಕು, ಮರೆಯಬೇಡಿ. ನನ್ನ ಅವಧಿಯ ಕೊನೆಯ ವರ್ಷ ಬಿಲ್ ಕಲೆಕ್ಟರ್ ಜೊತೆ ನಾನೇ ಮನೆಮನೆಗೆ ಹೋದೆ. ಬೈದವರು ಕೆಲವರು, ಕಟ್ಟಿದವರು ಬಹಳ ಜನ. ಹಿಂದೆ ಯಾಕೆ ಕಟ್ಟಲಿಲ್ಲ ಎಂದರೆ, "ಯಾರು ಬಂದು ಕೇಳಿದ್ರು?" ಎಂದರು.

ಇನ್ನೊಂದು ವಿಷಯ. 2026ರ ಏಪ್ರಿಲ್‌ನಿಂದ ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗದ ಅವಧಿ. ನಾನು ಮೇಲೆ ಹೇಳಿದ ಅರವತ್ತು-ನಲವತ್ತು ಹದಿನೈದನೆಯದ್ದು. ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಬೇಡಿ, ಹೊಸ ಮಾರ್ಗಸೂಚಿಯ ಪ್ರತಿಯನ್ನು ಪಿಡಿಒ ಹತ್ತಿರ ಕೇಳಿ ಪಡೆದು ಓದಿ.

ಚುನಾವಣೆಗೆ ಕಾಯಬೇಕಾಗಿಯೂ ಇಲ್ಲ. ಇ-ಗ್ರಾಮಸ್ವರಾಜ್‌ನಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ನಿಮ್ಮ ಊರಿನ ಯೋಜನೆ, ಬಂದ ಹಣ, ಯಾರಿಗೆ ಎಷ್ಟು ಪಾವತಿಯಾಗಿದೆ ಎಂಬುದೆಲ್ಲ ಯಾವ ಪಾಸ್‌ವರ್ಡೂ ಇಲ್ಲದೆ ಕಾಣುತ್ತದೆ. 'ಮೇರಿ ಪಂಚಾಯತ್' ಆ್ಯಪಿನಲ್ಲೂ ಸಿಗುತ್ತದೆ. ಈ ವರ್ಷದ್ದನ್ನು ಪ್ರಿಂಟ್ ತೆಗೆದು, ನೀರಿನ ಶೀರ್ಷಿಕೆಯ ಸಾಲುಗಳಿಗೆ ಗೆರೆ ಎಳೆದುಕೊಂಡು ನೀರುಗಂಟಿಗೆ ಓದಿ ಹೇಳಿ. ಅವರು ಇಲ್ಲ ಎಂದ ಕೆಲಸಗಳನ್ನು ಬರೆದುಕೊಂಡು ಮುಂದಿನ ಗ್ರಾಮ ಸಭೆಗೆ ಹೋಗಿ, ಎದ್ದು ನಿಂತು ಕೇಳಿ. ಮತದಾರರಾಗಿ ಆ ಸಭೆಯಲ್ಲಿ ಕೇಳುವ ಹಕ್ಕು ನಿಮಗೆ ಈಗಲೇ ಇದೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಬನ್ನಿ.