ಪದ್ಮಿನಿಗೆ ಪವರ್ ವಿಂಡೋ ಹಾಕಿಸಬಹುದಾ?

ಅಪ್ಪನ 1982ರ ಪ್ರೀಮಿಯರ್ ಪದ್ಮಿನಿ, ಗ್ಲಾಸ್ ಏರಿಸಲು ಹೋದರೆ ಭುಜ ನೋಯುತ್ತೆ, ಯಾವ ಕಿಟ್ ಹಾಕಿಸಲಿ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಗ್ಯಾರೇಜು ಗ್ಯಾರೇಜು ಅಲೆದಿದ್ದೆ. ಬೇಡ ಅಂದವರು ಒಬ್ಬರೂ ಸಿಗಲಿಲ್ಲ. ಅದಕ್ಕೇ ಈಗ ನಾನು ಹೇಳ್ತೀನಿ: ಬೇಡ.

ನನ್ನದು 1978ರ ಗಾಡಿ. ಶಿವಮೊಗ್ಗದಲ್ಲಿ ಒಬ್ಬ ಆಟೊ ಎಲೆಕ್ಟ್ರೀಷಿಯನ್ ಹತ್ತಿರ ಮುಂದಿನ ಎರಡು ಬಾಗಿಲಿಗೆ ಕಿಟ್ ಹಾಕಿಸಿದೆ. ಗೇರ್ ಲಿವರ್ ಇನ್ನೂ ಸ್ಟೀರಿಂಗ್ ಪಕ್ಕದಲ್ಲೇ ಇರುವ ಗಾಡಿ, ಅದರಲ್ಲಿ ಬಟನ್ ಒತ್ತಿದರೆ ಗ್ಲಾಸ್ ಇಳಿಯುತ್ತೆ! ಬೀದಿಯವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಗ್ಲಾಸ್ ಏರಿಸುವ ಹ್ಯಾಂಡಲ್ ಕಿತ್ತು ಡಿಕ್ಕಿಯಲ್ಲಿ ಕೂಡ ಇಡದೆ ಮನೆಯಲ್ಲಿ ಬಿಸಾಕಿದ್ದೆ.

ಜುಲೈ ತಿಂಗಳು, ಅತ್ತೆಯನ್ನು ಉಡುಪಿಗೆ ಕರೆದುಕೊಂಡು ಹೊರಟೆ. ತೀರ್ಥಹಳ್ಳಿ ದಾಟುವಷ್ಟರಲ್ಲಿ ಅವರಿಗೂ ಬಟನ್ ಚಟ ಹತ್ತಿತ್ತು. ಆಗುಂಬೆ ಘಾಟಿಯ ಮೂರನೇ ತಿರುವಿನಲ್ಲಿ ಮಂಜು ನೋಡೋಣ ಅಂತ ಗ್ಲಾಸ್ ಇಳಿಸಿದರು. ಇಳಿಯಿತು. ಏರಲಿಲ್ಲ. ಅವರು ಒತ್ತಿದರು, ನಾನು ಒತ್ತಿದೆ, ಅರ್ಧಕ್ಕೆ ಬಂದು ಗುಂಯ್ ಅಂತ ನಿಂತಿತು. ಡ್ಯಾಶ್‌ಬೋರ್ಡ್ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ಗಾಡಿ ನಿಲ್ಲಿಸಿ, ಸುರಿಯುವ ಮಳೆಯಲ್ಲೇ ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್ ಕಿತ್ತೆ. ಆಮೇಲೆ ಆ ಸ್ವಿಚ್ಚಿನ ವೈರು ಕತ್ತರಿಸಿ ಮತ್ತೆ ಹೊರಟೆ. ಘಾಟಿಗೆ ಒಟ್ಟು 14 ತಿರುವು. ಉಳಿದ ಹನ್ನೊಂದನ್ನೂ ಅತ್ತೆ ಕಾರಿನೊಳಗೆ ಕೊಡೆ ಅಡ್ಡ ಹಿಡಿದುಕೊಂಡೇ ಇಳಿದರು. ಸೋಮೇಶ್ವರ ಬರುವವರೆಗೆ ಮಾತಿಲ್ಲ. ಆಮೇಲೆ ಒಂದೇ ಮಾತು: "ಹ್ಯಾಂಡಲ್ ಇದ್ದಿದ್ರೆ ತಿರುಗಿಸ್ಬಹುದಿತ್ತಲ್ವಾ, ಅದನ್ಯಾಕೆ ತೆಗೆಸಿದ್ರಿ?"

ಕಿಟ್ ಕೆಟ್ಟದ್ದು ಅಂತ ನೀವು ಅಂದುಕೊಳ್ಳಬಹುದು. ನಾನೂ ಒಂದು ವಾರ ಹಾಗೇ ಬೈದುಕೊಂಡು ಓಡಾಡಿದೆ. ಕಿಟ್ ಸರಿಯಾಗೇ ಇತ್ತು. ತಪ್ಪು ನನ್ನದು, ಅದೂ ಒಂದೇ ತಪ್ಪು. ಗ್ಲಾಸ್ ಯಾಕೆ ಬಿಗಿಯಾಗಿದೆ ಅಂತ ನಾನು ನೋಡಲೇ ಇಲ್ಲ. ಬಿಗಿ ಇದ್ದರೇನು, ಮೋಟರಿಗೆ ನನ್ನ ಕೈಗಿಂತ ಜಾಸ್ತಿ ಬಲ ಅಂದುಕೊಂಡೆ.

ಗ್ಲಾಸ್ ಓಡಾಡುವ ಚಾನೆಲ್ ಒಳಗೆ ಫೆಲ್ಟ್ ಇರುತ್ತೆ, ಅಂದರೆ ದಪ್ಪ ಬಟ್ಟೆಯಂಥ ಪಟ್ಟಿ. ಆ ಫೆಲ್ಟಿನ ಬೆನ್ನಿಗೆ ತೆಳ್ಳನೆಯ ತಗಡು. ಮಲೆನಾಡಿನ ಮಳೆಯಲ್ಲಿ ಆ ತಗಡು ತುಕ್ಕು ಹಿಡಿದು ಉಬ್ಬುತ್ತೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತೆ, ಹಾಗಾಗಿ ಚಾನೆಲ್ ಎರಡೂ ಕಡೆಯಿಂದ ಗ್ಲಾಸನ್ನು ಹಿಸುಕುತ್ತೆ. ಬಾಗಿಲ ತಳದಲ್ಲಿ ನೀರು ಹೋಗಲು ತೂತುಗಳಿವೆ. ನನ್ನ ಗಾಡಿಯಲ್ಲಿ ಅವು ಮಣ್ಣು, ಎಲೆ ತುಂಬಿ ಮುಚ್ಚಿಹೋಗಿದ್ದವು. ಇಳಿಯುವಾಗ ಗ್ಲಾಸಿನ ಭಾರವೇ ಮೋಟರಿಗೆ ಸಹಾಯ ಮಾಡುತ್ತೆ. ಏರುವಾಗ ಮೋಟರು ಆ ಭಾರವನ್ನೂ ಎತ್ತಬೇಕು, ಹಿಸುಕುವ ಚಾನೆಲ್ ಜೊತೆಗೂ ಗುದ್ದಾಡಬೇಕು. ಇಳಿದದ್ದು ಏರದೆ ಇರುವುದು ಇದಕ್ಕೇ.

ಇನ್ನು ಕರೆಂಟಿನ ಲೆಕ್ಕ. ಇಂಥ ಮೋಟರು ಸಲೀಸಾಗಿ ಓಡಿದರೆ 5 ಆಂಪಿಯರ್ ಆಸುಪಾಸು ಎಳೆಯುತ್ತೆ. ತಡೆದು ನಿಲ್ಲಿಸಿದರೆ 15, 20 ದಾಟುತ್ತೆ. ನನ್ನ ಎಲೆಕ್ಟ್ರೀಷಿಯನ್ ಎಳೆದಿದ್ದು 1 ಚದರ ಮಿಲಿಮೀಟರ್ ವೈರು, ಉದ್ದ ನಾಲ್ಕು ಮೀಟರ್. 15 ಆಂಪಿಯರ್ ಹರಿದರೆ ಆ ವೈರಲ್ಲೇ ಸುಮಾರು 1 ವೋಲ್ಟ್ ಕರಗಿ ಹೋಗುತ್ತೆ. ಮೇಲೆ ನನ್ನ ಗಾಡಿಯಲ್ಲಿರುವುದು ಡೈನಮೋ. ಎಂಜಿನ್ ನಿಧಾನಕ್ಕೆ ತಿರುಗುವಾಗ ಅದು ಚಾರ್ಜ್ ಮಾಡುವುದು ಅಷ್ಟಕ್ಕಷ್ಟೇ. ಹೆಡ್‌ಲೈಟು, ವೈಪರು, ಮೋಟರು, ಮೂರೂ ಬ್ಯಾಟರಿ ಮೇಲೆ.

ನಾಚಿಕೆಯ ವಿಷಯ ಇನ್ನೊಂದಿದೆ. ಮೊದಲ ವಾರದಲ್ಲೇ ಫ್ಯೂಸ್ ಎರಡು ಸಲ ಹೋಗಿತ್ತು. ಗ್ಲಾಸ್ ಬಿಗಿ ಇದೆ, ನೋಡ್ರೋ ಅಂತ ಅದು ಕೂಗಿ ಹೇಳಿದ ಹಾಗೆ. ನಾವೇನು ಮಾಡಿದೆವು? ಫ್ಯೂಸಿಗೆ ತಾಮ್ರದ ಎಳೆ ಸುತ್ತಿದೆವು. ಅವನು ಸುತ್ತಿದ, ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದೆ. ಆಮೇಲೆ ಕರಗೋಕೆ ಸ್ವಿಚ್ಚೇ ಉಳಿದಿತ್ತು.

ಹಾಗಾಗಿ ಕಿಟ್ ಹುಡುಕುವುದನ್ನು ಬಿಡಿ. ಡೋರ್ ಪ್ಯಾಡ್ ಬಿಚ್ಚಿ, ವಿಂಡೋ ಮಷೀನಿನಿಂದ (ಹ್ಯಾಂಡಲ್ ತಿರುಗಿಸಿದರೆ ಗ್ಲಾಸ್ ಎತ್ತುವ ಸಾಧನ) ಗ್ಲಾಸ್ ಬಿಡಿಸಿ, ಬರೀ ಗ್ಲಾಸನ್ನು ಕೈಯಲ್ಲಿ ಏರಿಸಿ ಇಳಿಸಿ ನೋಡಿ. ಬಿಗಿ ಅನಿಸಿದರೆ ಕಾಯಿಲೆ ಚಾನೆಲ್‌ನಲ್ಲಿದೆ. ಸಲೀಸಾಗಿ ಓಡಿದರೆ ಮಷೀನಿನ ಗ್ರೀಸು ಒಣಗಿದೆ, ಸೀಮೆಎಣ್ಣೆಯಲ್ಲಿ ತೊಳೆದು ಹೊಸದು ಹಚ್ಚಿ. ಕ್ವಾರ್ಟರ್ ಗ್ಲಾಸ್ (ಬಾಗಿಲಿನ ಮುಂದಿನ ಮೂಲೆಯ ಪುಟ್ಟ ತ್ರಿಕೋನ ಗಾಜು) ಪಕ್ಕದ ಕಂಬಿ ಸೊಟ್ಟಗಾಗಿದೆಯಾ ಅಂತಲೂ ನೋಡಿ. ಎಷ್ಟೋ ಜನ ಅದನ್ನು ಮರೆಯುತ್ತಾರೆ. ನಾನು ಬೆಂಗಳೂರಿನ ಜೆ.ಸಿ. ರೋಡಿನಿಂದ ಹೊಸ ಫೆಲ್ಟ್ ತಂದು, ತುಕ್ಕು ಕೆರೆದು ಹಾಕಿಸಿದೆ. ಕಿಟ್ಟಿಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಫೆಲ್ಟಿಗೆ ಮಾತ್ರ ಗ್ರೀಸು ಹಚ್ಚಬೇಡಿ, ಧೂಳು ಹಿಡಿದು ಅಂಟಾಗುತ್ತೆ. ಸಿಲಿಕೋನ್ ಸ್ಪ್ರೇ ಸಾಕು.

ಹಳೆ ಹ್ಯಾಂಡಲ್ ವಾಪಸ್ ಹಾಕಿದೆ. ಈಗ ಎರಡು ಬೆರಳಲ್ಲಿ ತಿರುಗುತ್ತೆ. ಮೋಟರು ಕೂರಿಸಲು ಬಾಗಿಲಿನ ಒಳತಗಡು ಕೊಯ್ದಿದ್ದರಲ್ಲ, ಆ ತೂತು ಮಾತ್ರ ಇವತ್ತಿಗೂ ಡೋರ್ ಪ್ಯಾಡ್ ಹಿಂದೆ ಹಾಗೇ ಇದೆ. ಟಿಂಕರಿಂಗ್ ಮಾಡಿಸಲು ಮನಸ್ಸು ಬಂದಿಲ್ಲ.

ಅಪ್ಪನ ಭುಜ ನಿಜಕ್ಕೂ ಕೆಟ್ಟಿದೆ, ಹ್ಯಾಂಡಲ್ ಆಗುವುದೇ ಇಲ್ಲ ಅಂದರೆ ಬೇರೆ ಮಾತು. ಆಗಲೂ ಫೆಲ್ಟ್ ಮೊದಲು. ಆಮೇಲೆ ಬ್ಯಾಟರಿಯಿಂದ ನೇರವಾಗಿ 2.5 ಚದರ ಮಿಲಿಮೀಟರ್ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ನಡುವೆ ರಿಲೇ (ಮೋಟರಿನ ಕರೆಂಟು ಬಟನ್ ಮೂಲಕ ಹಾಯದಂತೆ ತಾನೇ ಹೊರುವ ಸ್ವಿಚ್ಚು), ಬಾಗಿಲ ಸಂದಿಯಲ್ಲಿ ವೈರಿಗೆ ರಬ್ಬರ್ ಕೊಳವೆ. ತಗಡು ಕೊಯ್ಯೋಕೆ ಮಾತ್ರ ಬಿಡಬೇಡಿ. ಹ್ಯಾಂಡಲನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರಿ.

ನನ್ನ ಎರಡು ಮೋಟರು ಅಟ್ಟದ ಮೇಲಿವೆ, ಎರಡೂ ಚೆನ್ನಾಗೇ ಓಡುತ್ತವೆ. ಫೆಲ್ಟ್ ಬದಲಾಯಿಸಿ ಒಂದು ತಿಂಗಳು ಓಡಿಸಿ. ಆಮೇಲೂ ಬೇಕು ಅನಿಸಿದರೆ ಕೇಳಿ, ಸುಮ್ನೆ ಕೊಡ್ತೀನಿ.